ಗಾಳಿಗೆ ಎದುರು ಸಾಗುವ ಪುಟ್ಟ ದೋಣಿ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹುಟ್ಟಿದ್ದು ಕಣದಲ್ಲಿ. ನವಲಗುಂದ, ಅಣ್ಣಿಗೇರಿ ಕಡೆಯ ಎರೆನೆಲದ ರೈತನಿಗೆ ಗಾಳಿಯ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎತ್ತರದಿಂದ ಸುರಿದ ರಾಶಿಯಲ್ಲಿ ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ಗಾಳಿ ಹೋದತ್ತ ಹೋಗುತ್ತದೆ. ಹಗುರವಾದದ್ದನ್ನು ಗಾಳಿ ತನ್ನೊಡನೆ ಒಯ್ಯುತ್ತದೆಯೇ ಹೊರತು ತಾನು ಬಂದ ದಿಕ್ಕಿಗೆ ಎಳೆದುಕೊಳ್ಳುವುದಿಲ್ಲ. ಹೀಗಿರುವಾಗ ಎಂಜಿನ್ ಇಲ್ಲದ, ಬಟ್ಟೆಯ ಹಾಯಿಯೊಂದನ್ನೇ ನಂಬಿದ ದೋಣಿ ಗಾಳಿ ಬೀಸಿ ಬರುವ ಕಡೆಗೇ ಸಾಗಿ ಗುರಿ ಮುಟ್ಟುತ್ತದೆ ಎಂದರೆ ಕಣದಲ್ಲಿ ನಿಂತವನು ನಂಬಲಾರ. ಆದರೆ ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿನವರ ಹಾಯಿದೋಣಿ ಅಭ್ಯಾಸವನ್ನು ಸ್ವಲ್ಪ ಹೊತ್ತು ನೋಡಿದರೂ ಸಾಕು, ಈ ಮಾತು ನಿಜವೆಂದು ತಿಳಿಯುತ್ತದೆ. ಬಿಳಿಯ ಫೈಬರ್‌ಗ್ಲಾಸಿನ ಪುಟ್ಟ ದೋಣಿಗಳು ಗಾಳಿಯ ಮುಖಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುತ್ತ ಮೇಲೇರುತ್ತವೆ.

ಇದು ಧಾರವಾಡ ಸೀಮೆಗೆ ಸಂಬಂಧವಿಲ್ಲದ ಸಂಗತಿ ಎಂದುಕೊಳ್ಳಬೇಕಾಗಿಲ್ಲ. ಕಡಲು ಕಾಣದ ಈ ಬಯಲಿನ ಬದುಕು ಒಂದು ಕಾಲಕ್ಕೆ ಹಾಯಿಯನ್ನೇ ಅವಲಂಬಿಸಿತ್ತು. ಇಲ್ಲಿ ಬೆಳೆದ ನಾಡಹತ್ತಿಗೆ ಮುಂಬೈ ಮತ್ತು ಇಂಗ್ಲೆಂಡಿನ ಪೇಟೆಗಳಲ್ಲಿ ಇದ್ದ ಹೆಸರು ‘ಕುಮಟಾ’. ಕುಮಟೆಯಲ್ಲಿ ಆ ಹತ್ತಿ ಬೆಳೆಯುತ್ತಿರಲಿಲ್ಲ. ಅಲ್ಲಿಂದ ಹಡಗು ಹತ್ತುತ್ತಿತ್ತು, ಅಷ್ಟೆ. ಬೆಳೆದ ಊರಿನ ಹೆಸರು ಹೋಗಿ ಬಂದರಿನ ಹೆಸರು ಉಳಿಯಿತು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿಬೀಜವನ್ನು ಇಲ್ಲಿ ಬಿತ್ತಿಸಿ ‘ಧಾರವಾಡ ಅಮೆರಿಕನ್’ ಎಂಬ ಇನ್ನೊಂದು ಹತ್ತಿಗೆ ದಾರಿ ಮಾಡಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಈ ಕಡೆಗೆ ಹೊರಳಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರು ಮತ್ತು ಧಾರವಾಡದ ಹತ್ತಿಯ ಲೆಕ್ಕಾಚಾರ ಇತ್ತು.

ಎತ್ತಿನ ಮೇಲೆ, ಮುಂದೆ ಬಂಡಿಗಳಲ್ಲಿ, ಹತ್ತಿಯ ಅಂಡಿಗೆಗಳು ಘಟ್ಟ ಇಳಿಯುತ್ತಿದ್ದವು. ಬಂದರಿನಲ್ಲಿ ಪತ್ತೇಮಾರಿಗಳು, ಮಚವೆಗಳು ಕಾದಿರುತ್ತಿದ್ದವು. ನಾಡಹತ್ತಿಯನ್ನು ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಜೂನ್ ಬಂತೆಂದರೆ ಮುಂಗಾರಿನ ಅಬ್ಬರಕ್ಕೆ ಹಾಯಿಹಡಗುಗಳೆಲ್ಲ ದಡ ಸೇರಬೇಕು. ನಡುವಿನ ಕೆಲವೇ ವಾರಗಳಲ್ಲಿ ಅರಳೆ ಬಿಡಿಸಿ, ಹಿಂಜಿ, ತುಂಬಿ, ಘಟ್ಟ ದಾಟಿಸಿ, ಹಡಗಿಗೇರಿಸಬೇಕು. ತಡವಾದರೆ ಮಾಲು ಮಳೆಗಾಲ ಮುಗಿಯುವವರೆಗೆ ಅಲ್ಲೇ ಬಿದ್ದಿರಬೇಕು. ಆ ದಿನಗಳಲ್ಲಿ ಕರಾವಳಿಯ ಗಾಳಿಯೂ ಹೆಚ್ಚಾಗಿ ವಾಯವ್ಯದಿಂದ, ಅಂದರೆ ಮುಂಬೈ ದಿಕ್ಕಿನಿಂದಲೇ ಬೀಸುತ್ತದೆ. ಗಾಳಿಗೆ ಎದುರು ಸಾಗಬಲ್ಲ ದೋಣಿಯ ವಿನ್ಯಾಸ ನವಲಗುಂದದ ಹತ್ತಿ ಬೆಳೆಗಾರನ ಕೈಗೆ ದುಡ್ಡು ಬರುವ ಹೊತ್ತನ್ನು ನಿರ್ಧರಿಸುತ್ತಿತ್ತು ಎನ್ನಬಹುದು. 1880ರ ದಶಕದಲ್ಲಿ ರೈಲು ಬಂತು. ಹತ್ತಿ ಅಣ್ಣಿಗೇರಿ, ಕುಂದಗೋಳಗಳಲ್ಲೇ ಗಾಡಿ ಹತ್ತತೊಡಗಿತು, ಕುಮಟೆಯ ಹಾಯಿಗಳು ಇಳಿದವು.

ಹಾಯಿದೋಣಿಯ ಗುಟ್ಟು ಹಾಯಿಯಲ್ಲಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಅರ್ಧ ಗುಟ್ಟು ಮಾತ್ರ ಅಲ್ಲಿದೆ. ಉಳಿದರ್ಧ ನೀರಿನ ಕೆಳಗಿದೆ.

ನಮಗೆ ಹೆಚ್ಚು ಪರಿಚಯವಿರುವ ಹರಿಗೋಲನ್ನೇ ನೋಡಬಹುದು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ತುಂಗಭದ್ರೆಯಲ್ಲಿ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಬಿದಿರು ಹೆಣೆದು, ಹೊರಗೆ ತೊಗಲು ಹೊದಿಸಿದ ಈ ದೋಣಿ ಬಂಡೆಗಳ ನಡುವಿನ ಹೊಳೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಹೆಚ್ಚು ಆಳ ಬೇಡ, ಕಲ್ಲಿಗೆ ತಾಗಿದರೆ ಸುತ್ತಿಕೊಂಡು ಮುಂದೆ ಹೋಗುತ್ತದೆ. ಅದಕ್ಕೆ ಹಾಯಿ ಕಟ್ಟಿದರೇನಾದೀತು? ಹೊಟ್ಟಿನ ಹಾಗೆ ಗಾಳಿ ಹೋದತ್ತ ಹೋದೀತು. ದುಂಡನೆಯ ಹರಿಗೋಲಿಗೆ ಮುಂದು, ಹಿಂದು, ಪಕ್ಕ ಎಂಬ ಭೇದವೇ ಇಲ್ಲ. ಯಾವ ಕಡೆಗೆ ನೂಕಿದರೂ ನೀರು ಒಂದೇ ಸಮನೆ ದಾರಿ ಬಿಡುತ್ತದೆ.

ಹಾಯಿದೋಣಿಗೆ ಬೇಕಾದದ್ದು ಮುಂದಕ್ಕೆ ಸಲೀಸಾಗಿ ಹೋಗುವ, ಪಕ್ಕಕ್ಕೆ ಮಾತ್ರ ಹಟ ಹಿಡಿಯುವ ಗುಣ. ಇದನ್ನು ಎರೆಹೊಲದವರು ಕೂರಿಗೆಯಲ್ಲಿ ದಿನವೂ ಕಂಡಿದ್ದಾರೆ. ತಾಳುಗಳು ನೆಲಕ್ಕಿಳಿದ ಮೇಲೆ ಕೂರಿಗೆಯನ್ನು ಎತ್ತು ಮುಂದಕ್ಕೆ ಎಳೆಯುತ್ತದೆ. ಪಕ್ಕಕ್ಕೆ ತಳ್ಳಲು ಹೋದವನ ಸೊಂಟ ನೋಯುತ್ತದೆ. ಸಣ್ಣ ಹಾಯಿದೋಣಿಯ ನಡುವೆ ಇಂಥದೇ ಒಂದು ‘ತಾಳು’ ಉಂಟು. ಡ್ಯಾಗರ್‌ಬೋರ್ಡ್ ಎಂದು ಅದರ ಹೆಸರು. ತೆಳ್ಳಗಿನ, ನೇರವಾದ ಹಲಗೆ. ದೋಣಿಯ ತಳದಲ್ಲಿ ಮಾಡಿದ ಸೀಳಿನೊಳಗಿಂದ ಅದನ್ನು ನೀರಿಗೆ ಇಳಿಬಿಡುತ್ತಾರೆ, ದಡಕ್ಕೆ ಬಂದಾಗ ಮೇಲಕ್ಕೆತ್ತುತ್ತಾರೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದಕ್ಕೇ ಮೇಲಿನ ದೊಡ್ಡ ಹಾಯಿಯ ನೂಕನ್ನು ಕೆಳಗಿನ ಗೇಣಗಲದ ಹಲಗೆ ತಡೆದು ನಿಲ್ಲಿಸುತ್ತದೆ.

ಈಗ ಹಾಯಿಯ ಕಡೆ ಬರಬಹುದು. ಗಾಳಿಗೆ ಓರೆಯಾಗಿ ಹಿಡಿದ ಹಾಯಿ ಚಪ್ಪಟೆಯಾಗಿರುವುದಿಲ್ಲ, ಹಕ್ಕಿಯ ರೆಕ್ಕೆಯಂತೆ ಸ್ವಲ್ಪ ಉಬ್ಬಿರುತ್ತದೆ. ಅದರ ಎರಡೂ ಮೈಗಳ ಮೇಲೆ ಹರಿಯುವ ಗಾಳಿ ಬಾಗಿ ಹಿಂದಕ್ಕೆ ತಿರುಗುತ್ತದೆ. ಗಾಳಿಯನ್ನು ಹಿಂದಕ್ಕೆ ತಿರುಗಿಸಿದ್ದಕ್ಕೆ ಪ್ರತಿಯಾಗಿ ಹಾಯಿಯ ಮೇಲೊಂದು ಬಲ ಬೀಳುತ್ತದೆ. ಆ ಬಲದ ಹೆಚ್ಚಿನ ಭಾಗ ದೋಣಿಯನ್ನು ಪಕ್ಕಕ್ಕೆ ನೂಕುವಂಥದು; ಒಂದು ಸಣ್ಣ ಪಾಲು ಮಾತ್ರ ಮುಂದಕ್ಕೆ. ಪಕ್ಕಕ್ಕೆ ನೂಕುವ ಪಾಲನ್ನು ನೀರೊಳಗಿನ ಹಲಗೆ ತಡೆಯುತ್ತದೆ. ಉಳಿದದ್ದು ಮುಂದಿನ ಚಲನೆ. ಸೀತಾಫಲದ ಹಸಿಬೀಜವನ್ನು ಎರಡು ಬೆರಳಿನ ನಡುವೆ ಹಿಸುಕಿದರೆ ಅದು ಮುಂದಕ್ಕೆ ಚಿಮ್ಮುವುದಿಲ್ಲವೇ? ಗಾಳಿ ಒಂದು ಬೆರಳು, ನೀರು ಇನ್ನೊಂದು.

ಗಾಳಿಯ ನೇರ ಮುಖಕ್ಕೆ ಯಾವ ದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಹೋಗಬಲ್ಲದು. ಆದ್ದರಿಂದ ಎದುರಿನ ಗುರಿಗೆ ಹೋಗಬೇಕಾದವನು ಬಲಕ್ಕೆ ಸ್ವಲ್ಪ ದೂರ, ಎಡಕ್ಕೆ ಸ್ವಲ್ಪ ದೂರ ಹೀಗೆ ತಿರುವು ಹಾಕುತ್ತ ಹೋಗುತ್ತಾನೆ. ಅರಬೈಲು ಘಟ್ಟದ ರಸ್ತೆ ಕಂಡವರಿಗೆ ಇದು ಹೊಸತಲ್ಲ. ನೆಟ್ಟಗೆ ಏರಲಾರದ ಬಂಡಿ ತಿರುವು ತಿರುವಾಗಿ ಏರುತ್ತದೆ. ದಾರಿ ಉದ್ದವಾಗುತ್ತದೆ, ಆದರೆ ಏರಿದ್ದು ಏರಿದ್ದೇ.

ಹಾಯಿಯ ಬಲ ಬೀಳುವ ನಡುಬಿಂದುವಿಗೂ ನೀರಿನ ತಡೆಯ ನಡುಬಿಂದುವಿಗೂ ಇರುವ ಅಂತರವನ್ನು ಕೂದಲೆಳೆಯಷ್ಟು ಅಳೆದು ಕೂಡಿಸುವುದು ವಿನ್ಯಾಸಕಾರನ ಜಾಣತನ. ಹಾಯಿಯ ಬಲ ತುಸು ಹಿಂದೆ ಬಿದ್ದರೆ ದೋಣಿಯ ಮೂತಿ ತಾನಾಗಿ ಗಾಳಿಯ ಕಡೆ ತಿರುಗುತ್ತದೆ. ಮುಂದೆ ಬಿದ್ದರೆ ಗಾಳಿಗೆ ಬೆನ್ನು ಹಾಕಿ ಓಡುತ್ತದೆ. ಒಳ್ಳೆಯ ದೋಣಿಯಲ್ಲಿ ಮೊದಲನೆಯ ಗುಣ ಸ್ವಲ್ಪ ಇರಲೆಂದು ಬೇಕೆಂದೇ ಬಿಡುತ್ತಾರೆ. ಚುಕ್ಕಾಣಿ ಹಿಡಿದವನು ಹೆದರಿ ಕೈಬಿಟ್ಟನೆನ್ನಿ, ದೋಣಿ ಗಾಳಿಗೆ ಮುಖಮಾಡಿ, ಹಾಯಿ ಪಟಪಟ ಬಡಿಯುತ್ತ ನಿಂತುಬಿಡುತ್ತದೆ. ಹಗ್ಗ ಬಿಟ್ಟರೆ ಮನೆಯ ಹಾದಿ ಹಿಡಿಯುವ ಮುದಿ ಎತ್ತಿನ ಹಾಗೆ. ಕಲಿಯುವ ಮಕ್ಕಳ ದೋಣಿಗೆ ಇದಕ್ಕಿಂತ ದೊಡ್ಡ ರಕ್ಷೆ ಇನ್ನೊಂದಿಲ್ಲ.

ಇನ್ನೊಂದು ರಕ್ಷೆ ಉಂಟು, ಅದು ಮಗುಚುವುದಕ್ಕೆ ಸಂಬಂಧಿಸಿದ್ದು. ಹತ್ತಿ ಅಂಡಿಗೆಗಳನ್ನು ಎತ್ತರಕ್ಕೆ ಹೇರಿದ ಬಂಡಿ ಓರೆಯಾದ ಹಾದಿಯಲ್ಲಿ ಏಕೆ ಉರುಳುತ್ತದೆ ಎಂದು ಯಾವ ಗಾಡಿಯವನೂ ಹೇಳಬಲ್ಲ. ಭಾರದ ನಡು ಮೇಲೇರಿತು, ಗಾಲಿಗಳ ಆಚೆ ಬಿತ್ತು, ಬಂಡಿ ಉರುಳಿತು. ದೋಣಿಗೂ ಇದೇ ನಿಯಮ. ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದ ಮೈ ಹೆಚ್ಚು ನೀರನ್ನು ಒತ್ತುತ್ತದೆ, ನೀರು ಮೇಲಕ್ಕೆ ನೂಕಿ ನೆಟ್ಟಗೆ ಮಾಡುತ್ತದೆ. ಅಗಲವಾದ ದೋಣಿಗೆ ಈ ನೂಕು ಹೆಚ್ಚು. ದೊಡ್ಡ ಹಾಯಿದೋಣಿಗಳ ತಳದಲ್ಲಿ ಸೀಸ ಅಥವಾ ಕಬ್ಬಿಣದ ಭಾರವನ್ನು ಕಟ್ಟಿರುತ್ತಾರೆ. ಸಣ್ಣ ದೋಣಿಯಲ್ಲಿ ಆ ಭಾರ ಎಂದರೆ ನಡೆಸುವವನ ಮೈಯೇ. ಆತ ಗಾಳಿಯ ಕಡೆಯ ಅಂಚಿನಾಚೆಗೆ ಬೆನ್ನು ಚಾಚಿ ತೂಗುತ್ತಾನೆ.

ಜನ ಎದ್ದು ನಿಂತರೆ, ಒಂದೇ ಪಕ್ಕಕ್ಕೆ ಸರಿದರೆ, ಲೆಕ್ಕಕ್ಕಿಂತ ಹೆಚ್ಚು ಮಂದಿ ಹತ್ತಿದರೆ ಈ ತೂಕದ ಲೆಕ್ಕವೆಲ್ಲ ತಪ್ಪುತ್ತದೆ. 2019ರ ಜನವರಿ 21ರಂದು ಕಾರವಾರದ ಸಮೀಪ ಕೂರ್ಮಗಡ ನಡುಗಡ್ಡೆಯ ನರಸಿಂಹ ದೇವರ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಧಾರವಾಡಕ್ಕೆ ಅಂಟಿಕೊಂಡೇ ಇರುವ ಹಾವೇರಿ ಜಿಲ್ಲೆಯವರೂ, ಎಳೆಯ ಮಕ್ಕಳೂ ಇದ್ದರು. ಅದು ಹಾಯಿದೋಣಿಯಲ್ಲ, ಎಂಜಿನ್ ದೋಣಿ. ಮಿತಿಮೀರಿ ಜನರನ್ನು ಹತ್ತಿಸಿದ್ದು, ಜೀವರಕ್ಷಕ ಜಾಕೆಟ್ ತೊಡದಿದ್ದದ್ದು ಆಗ ಪತ್ರಿಕೆಗಳಲ್ಲಿ ಬಂತು. ಬಯಲುಸೀಮೆಯವರು ವರ್ಷಕ್ಕೊಮ್ಮೆ ಕಡಲಿಗೆ ಹೋಗಿ ದೋಣಿ ಹತ್ತುವವರು. ದೋಣಿಯ ಅಂಚಿಗೂ ನೀರಿಗೂ ನಡುವೆ ಎಷ್ಟು ಅಂತರ ಉಳಿದಿದೆ ಎಂದು ಹತ್ತುವ ಮುನ್ನ ನೋಡುವ ರೂಢಿ ಅವರಿಗಿಲ್ಲ. ಈ ಅಂತರವೇ ದೋಣಿಯ ಉಸಿರು.

‘ಫೈಬರ್ ದೋಣಿ ಮುಳುಗುವುದಿಲ್ಲ’ ಎಂಬ ನಂಬಿಕೆಯೂ ಕೆಲವರಲ್ಲಿದೆ. ಇದು ಪೂರ್ತಿ ತಪ್ಪು. ಮರ ತಾನಾಗಿ ತೇಲುತ್ತದೆ, ಮರದ ದೋಣಿಯಲ್ಲಿ ನೀರು ತುಂಬಿದರೂ ಹಲಗೆಯನ್ನು ಹಿಡಿದು ತೇಲಬಹುದು. ಗಾಜಿನ ನಾರು ಮತ್ತು ರಾಳ ಕೂಡಿಸಿ ಮಾಡಿದ ಫೈಬರ್‌ಗ್ಲಾಸ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ತುಂಡನ್ನು ನೀರಿಗೆ ಹಾಕಿದರೆ ಕಲ್ಲಿನಂತೆ ತಳಕ್ಕಿಳಿಯುತ್ತದೆ. ಅದರ ದೋಣಿ ತೇಲುವುದು ಒಳಗಿನ ಖಾಲಿ ಜಾಗದಿಂದ. ಆದಕಾರಣ ಒಳ್ಳೆಯ ವಿನ್ಯಾಸದಲ್ಲಿ ನೀರು ಹೊಗಲಾಗದಂತೆ ಮುಚ್ಚಿದ ಗಾಳಿಯ ಕೋಣೆಗಳೋ, ಗಾಳಿಚೀಲಗಳೋ, ಫೋಮ್ ತುಂಬಿದ ಪೆಟ್ಟಿಗೆಗಳೋ ಇರಲೇಬೇಕು. ಇಂಥ ಪುಟ್ಟ ಹಾಯಿದೋಣಿ ಮಗುಚಿದರೆ ಹುಡುಗ ಈಜಿ ಬಂದು, ಮೇಲೆದ್ದಿರುವ ಡ್ಯಾಗರ್‌ಬೋರ್ಡಿನ ಮೇಲೆ ನಿಂತು ಮೈಭಾರ ಹಾಕಿದರೆ ಅದು ಮತ್ತೆ ನೆಟ್ಟಗಾಗುತ್ತದೆ. ಕಲಿಕೆಯ ಮೊದಲ ಪಾಠಗಳಲ್ಲಿ ಬೇಕೆಂದೇ ದೋಣಿ ಮಗುಚುವುದೂ ಒಂದು.

ಹಾಗಾದರೆ ಮರ ಬಿಟ್ಟು ಈ ಭಾರದ ವಸ್ತುವಿಗೆ ಹೋದದ್ದೇಕೆ? ಉತ್ತರ ಹಳ್ಳಿಯ ಮಣ್ಣಿನ ಗೋಡೆಯಲ್ಲಿ ಇದೆ. ಬರಿಯ ಮಣ್ಣು ಮೆತ್ತಿದರೆ ಒಣಗಿ ಬಿರುಕು ಬಿಡುತ್ತದೆ ಎಂದು ಹೊಟ್ಟು ಕಲಸುತ್ತಾರೆ. ಮಣ್ಣು ಒತ್ತಡ ತಾಳುತ್ತದೆ, ಹೊಟ್ಟಿನ ಎಳೆ ಬಿರಿಯದಂತೆ ಹಿಡಿಯುತ್ತದೆ. ಫೈಬರ್‌ಗ್ಲಾಸಿನಲ್ಲಿ ಗಾಜಿನ ನಾರು ಹೊಟ್ಟಿನ ಕೆಲಸವನ್ನು, ಪಾಲಿಯೆಸ್ಟರ್ ರಾಳ ಮಣ್ಣಿನ ಕೆಲಸವನ್ನು ಮಾಡುತ್ತವೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಗಾಜಿನ ನಾರು ಅಗ್ಗವಾಗಿ ತಯಾರಾಗತೊಡಗಿತು. ಒಹಾಯೊ ರಾಜ್ಯದ ರೇ ಗ್ರೀನ್ 1942ರಲ್ಲಿ ಅದರಿಂದ ಹಾಯಿದೋಣಿ ಕಟ್ಟಿದ.

ಕಟ್ಟುವ ಕ್ರಮ ಸ್ವಾರಸ್ಯದ್ದು. ಮೊದಲು ದೋಣಿಯ ಮೈಯ ಅಚ್ಚೊಂದನ್ನು ಮಾಡಿ, ಒಳಮೈಯನ್ನು ಕನ್ನಡಿಯಂತೆ ಉಜ್ಜಿ ಮೇಣ ಹಚ್ಚುತ್ತಾರೆ. ಅದರ ಮೇಲೆ ಬಣ್ಣದ ರಾಳದ ತೆಳುಪದರ. ದೋಣಿಯ ಹೊಳೆಯುವ ಹೊರಮೈ ಆಗುವುದು ಇದೇ. ಆಮೇಲೆ ಗಾಜಿನ ನಾರಿನ ಹಾಸು, ಅದಕ್ಕೆ ರಾಳ, ಮತ್ತೆ ಹಾಸು, ಮತ್ತೆ ರಾಳ. ನಡುವೆ ಗಾಳಿಗುಳ್ಳೆ ಉಳಿಯದಂತೆ ಉರುಳೆಯಿಂದ ಒತ್ತಬೇಕು. ಗುಳ್ಳೆ ಉಳಿದಲ್ಲಿ ಮುಂದೆ ಸೋಲು ಕಾದಿದೆ. ರಾಳ ಬಿಸಿಯೇರಿ ಗಟ್ಟಿಯಾದ ಮೇಲೆ ಅಚ್ಚಿನಿಂದ ಕಳಚುತ್ತಾರೆ. ತಳ ಬಾಗದಂತೆ ಇರಬೇಕಾದರೆ ಎರಡು ತೆಳು ಪದರಗಳ ನಡುವೆ ಹಗುರವಾದ ಫೋಮನ್ನು ಇಡುತ್ತಾರೆ, ಹೋಳಿಗೆಯ ಕಣಕದೊಳಗೆ ಹೂರಣ ಇಟ್ಟಂತೆ.

ಅಚ್ಚು ಬಂದದ್ದರಿಂದ ಆದ ದೊಡ್ಡ ಬದಲಾವಣೆ ಗಟ್ಟಿತನದ್ದಲ್ಲ, ಸಮಾನತೆಯದು. ಬಡಗಿ ಕಟ್ಟಿದ ಎರಡು ದೋಣಿಗಳು ಒಂದೇ ತೆರನಾಗಿ ಇರುವುದಿಲ್ಲ. ಅಚ್ಚಿನಿಂದ ಬಂದ ಸಾವಿರ ದೋಣಿಗಳೂ ಒಂದೇ. ಒಂದೇ ಬಗೆಯ ದೋಣಿಯಲ್ಲಿ ಎಲ್ಲರೂ ಪಂದ್ಯಕ್ಕಿಳಿದರೆ ಗೆಲುವು ದುಡ್ಡಿನದಾಗದೆ ಕೈಚಳಕದ್ದಾಗುತ್ತದೆ ಎಂಬುದು ಇದರ ಹಿಂದಿನ ಎಣಿಕೆ. ಇಂಥ ದೋಣಿಗಳಲ್ಲಿ ಎರಡು ಲೋಕಪ್ರಸಿದ್ಧ. ಮೊದಲನೆಯದು ‘ಆಪ್ಟಿಮಿಸ್ಟ್’. ಅಮೆರಿಕದ ಫ್ಲೋರಿಡಾದ ಕ್ಲಿಯರ್‌ವಾಟರ್ ಊರಿನ ಕ್ಲಾರ್ಕ್ ಮಿಲ್ಸ್ 1947ರಲ್ಲಿ ಹುಡುಗರಿಗಾಗಿ ಇದನ್ನು ರೂಪಿಸಿದ. 50 ಡಾಲರಿನೊಳಗೆ ಆಗಬೇಕು, ಎಂಟಡಿಯ ಪ್ಲೈವುಡ್ ಹಾಳೆಯಲ್ಲಿ ಕೊಯ್ಯುವಂತಿರಬೇಕು ಎಂಬ ಕಟ್ಟುಪಾಡಿನಿಂದಲೇ ಅದರ ಆಕಾರ ಹುಟ್ಟಿತು. 2.3 ಮೀಟರ್ ಉದ್ದ, ಮೊಂಡಾದ ಮೂತಿ, ಚಪ್ಪಟೆ ತಳ. ದನಗಳಿಗೆ ನೀರಿಡುವ ಬಾನಿಯನ್ನು ನೆನಪಿಸುತ್ತದೆ. ಚೆಲುವು ಎಂದೇನೂ ಹೇಳುವಂತಿಲ್ಲ. ಆದರೆ ಅದು ಸುಲಭವಾಗಿ ಮಗುಚದು. ಮುಂದೆ ಫೈಬರ್‌ಗ್ಲಾಸಿಗೆ ಬದಲಾದ ಈ ದೋಣಿಯ ಖಾಲಿ ಮೈ 35 ಕಿಲೋ ತೂಗುತ್ತದೆ. 15 ವರ್ಷದೊಳಗಿನ ಮಕ್ಕಳು ಲೋಕದ ತುಂಬ ಇದರಲ್ಲೇ ಹಾಯಿ ಕಲಿಯುತ್ತಾರೆ.

ಎರಡನೆಯದು ‘ಲೇಸರ್’. ಕೆನಡಾದ ಬ್ರೂಸ್ ಕರ್ಬಿ 1969ರಲ್ಲಿ ದೂರವಾಣಿಯಲ್ಲಿ ಮಾತಾಡುತ್ತ ಗೀಚಿದ ಚಿತ್ರವೇ ಅದರ ಮೂಲ. ಕಾರಿನ ಮೇಲೆ ಹೊತ್ತು ಒಯ್ಯಬಹುದಾದ, ಒಬ್ಬನೇ ನಡೆಸುವ, 4.2 ಮೀಟರಿನ ದೋಣಿ. 1996ರಿಂದ ಒಲಿಂಪಿಕ್ಸಿನಲ್ಲಿದೆ. ಇದೇ ಜಾತಿಯ, ತುಸು ಕಿರಿದಾದ ಹಾಯಿಯ ದೋಣಿಯಲ್ಲಿ ಚೆನ್ನೈನ ನೇತ್ರಾ ಕುಮನನ್ 2021ರಲ್ಲಿ ಟೋಕಿಯೊಕ್ಕೆ ಅರ್ಹತೆ ಗಳಿಸಿ, ಆ ಗೌರವ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಅದೇ ಒಲಿಂಪಿಕ್ಸಿನ ಇನ್ನೊಂದು ವರ್ಗದಲ್ಲಿ ವರುಣ್ ಠಕ್ಕರ್ ಜೊತೆ ಸ್ಪರ್ಧಿಸಿದ ಕೇಳಪಂಡ ಗಣಪತಿ ಕೊಡವ ಮನೆತನದವರು. ಕಡಲಿಲ್ಲದ ಊರಿನವರಿಗೆ ಹಾಯಿ ಒಗ್ಗದು ಎನ್ನುವಂತಿಲ್ಲ.

ಎರೆನೆಲದಲ್ಲಿ ಇಂಥ ದೋಣಿ ಬಿಡಲು ಜಾಗ ಎಲ್ಲಿದೆ ಎಂದು ಕೇಳಿದರೆ ಒಂದು ಪೇಚು ಎದುರಾಗುತ್ತದೆ. ಧಾರವಾಡ ಸೀಮೆಯಲ್ಲಿ ಗಾಳಿ ಬಲವಾಗಿ ಬೀಸುವುದು ಜೂನ್-ಜುಲೈಯಲ್ಲಿ. ಕಲಘಟಗಿ ತಾಲ್ಲೂಕಿನ ನೀರಸಾಗರವಾಗಲಿ, ಸವದತ್ತಿ ಬಳಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಜಲಾಶಯವಾಗಲಿ ತಳ ಕಾಣುವ ಹೊತ್ತು ಜೂನ್. ನೀರು ತುಂಬುವಷ್ಟರಲ್ಲಿ ಗಾಳಿ ಇಳಿದಿರುತ್ತದೆ. ತುಂಬದ ವರ್ಷಗಳೂ ಬೇಕಾದಷ್ಟಿವೆ, ಆಗ ಕುಡಿಯುವ ನೀರಿನ ಮಾತೇ ಮೊದಲು ಬರುತ್ತದೆ.

ಭಾರತದ ಹೆಸರಾಂತ ಹಾಯಿದೋಣಿಗಳಿಗೆ ನೀರಿನ ಈ ಬಾಯಾರಿಕೆಯೊಡನೆ ವಿಚಿತ್ರವಾದ ನಂಟಿದೆ. ಸೈನ್ಯದ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಮಿ ಸುತ್ತಿ ಬಂದ 37 ಅಡಿಯ ದೋಣಿಯ ಹೆಸರು ‘ತೃಷ್ಣಾ’, ಎಂದರೆ ಬಾಯಾರಿಕೆ. 2009ರಲ್ಲಿ ನೌಕಾದಳ ಸೇರಿದ 56 ಅಡಿಯ ದೋಣಿಯ ಹೆಸರು ‘ಮ್ಹಾದೇಯಿ’. ಡಚ್ಚರ ವಿನ್ಯಾಸ, ಕಟ್ಟಿದ್ದು ಗೋವೆಯ ಮಾಂಡೋವಿ ನದಿಯ ದಿವಾಡಿ ದ್ವೀಪದಲ್ಲಿ. ಮರದ ಪಟ್ಟಿಗಳ ಒಳಮೈಗೂ ಹೊರಮೈಗೂ ಗಾಜಿನ ನಾರು ಹೊದಿಸಿದ ದೋಣಿ ಅದು, ಸಣ್ಣ ದೋಣಿಗೆ ಹೇಳಿದ ನಿಯಮಗಳೆಲ್ಲ ಅಲ್ಲಿಯೂ ನಡೆಯುತ್ತವೆ. ಅದರಲ್ಲಿ ದಿಲೀಪ್ ದೋಂಡೆ 2009-10ರಲ್ಲಿ ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದರು. ಅಭಿಲಾಷ್ ಟಾಮಿ 2012-13ರಲ್ಲಿ ಎಲ್ಲಿಯೂ ನಿಲ್ಲದೆ 151 ದಿನಗಳಲ್ಲಿ ಸುತ್ತಿದರು.

ಮ್ಹಾದೇಯಿ ಎಂದರೆ ನಮ್ಮ ಮಹದಾಯಿ. ಮಾಂಡೋವಿಗೆ ಘಟ್ಟದ ಮೇಲೆ ಇರುವ ಹೆಸರು ಅದು. ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಈ ನದಿಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಪೂರ್ವಕ್ಕೆ, ಮಲಪ್ರಭೆಗೆ ತಿರುಗಿಸಬೇಕೆಂದು 2015ರ ಜುಲೈಯಿಂದ ನವಲಗುಂದ, ನರಗುಂದಗಳ ರೈತರು ಧರಣಿ ಕೂತರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು, ಅದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ, ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ. ನವಲಗುಂದದ ಚೌಕದಲ್ಲಿ ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅದೇ ಹೆಸರು ಹೊತ್ತ ದೋಣಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನನ್ನು ಒಂದಕ್ಕಿಂತ ಹೆಚ್ಚು ಸಲ ಸುತ್ತಿ ಬಂದಿದೆ ಎಂಬುದು ಅಲ್ಲಿ ಎಷ್ಟು ಜನಕ್ಕೆ ಗೊತ್ತೋ.